ರಸಗುಲ್ಲ ಪದೇ ಪದೇ ಕೆಡುತ್ತಿದೆಯೇ? ಹಾಲಿನಿಂದ ಪಾಕದವರೆಗೆ ಹಂತಹಂತದ ಮಾರ್ಗದರ್ಶಿ

ಕಳೆದ ದೀಪಾವಳಿಯ ಹಿಂದಿನ ದಿನ ತಂಗಿ ವಿಡಿಯೊ ಕರೆ ಮಾಡಿ ಒಲೆಯ ಮೇಲಿನ ಪಾತ್ರೆ ತೋರಿಸಿದಳು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಅದರೊಳಗಿತ್ತು: ತಿಳಿಯಾದ ಸಕ್ಕರೆ ನೀರು, ಅದರ ತುಂಬ ತೇಲುವ ಬಿಳಿ ಚೂರುಗಳು. "ಅಕ್ಕಾ, ಇದಕ್ಕೆ ಶಾವಿಗೆ ಹಾಕಿ ಪಾಯಸ ಎಂದು ಬಡಿಸಿಬಿಡಲೇ?" ಎಂದು ಕೇಳಿದಳು. ಬಡಿಸು ಎಂದೆ. ಬೇರೆ ದಾರಿ ಇರಲಿಲ್ಲ.

ಅವಳೊಬ್ಬಳೇ ಅಲ್ಲ. ರಸಗುಲ್ಲ ಮಾಡಲು ಹೊರಟ ಹತ್ತು ಮಂದಿಯನ್ನು ಕೇಳಿ ನೋಡಿ, ದೂರುಗಳು ಮೂರೇ: ಪಾಕದಲ್ಲಿ ಚೂರಾಯಿತು, ಗೋಲಿಯಂತೆ ಗಟ್ಟಿಯಾಯಿತು, ಇಲ್ಲವೇ ಚೆನ್ನಾಗಿ ಉಬ್ಬಿ ಇಳಿಸಿದ ಮೇಲೆ ಚಪ್ಪಟೆಯಾಯಿತು. ಮೂರೂ ಕಣ್ಣಿಗೆ ಬೀಳುವುದು ಪಾಕದ ಪಾತ್ರೆಯಲ್ಲಿ. ಆದ್ದರಿಂದ ಎಲ್ಲರೂ ಪಾಕವನ್ನೇ ಬೈಯುತ್ತಾರೆ, ಮುಂದಿನ ಸಲ ಸಕ್ಕರೆ ಹೆಚ್ಚು ಕಡಿಮೆ ಮಾಡುತ್ತಾರೆ, ಮತ್ತೆ ಸೋಲುತ್ತಾರೆ. ತಪ್ಪು ನಡೆದಿರುವುದು ಹೆಚ್ಚಿನ ಸಲ ಅದಕ್ಕೂ ಒಂದು ಗಂಟೆ ಮೊದಲು, ಹಾಲು ಒಡೆಸಿ ಬಟ್ಟೆಯಲ್ಲಿ ಕಟ್ಟಿದ ಹೊತ್ತಿನಲ್ಲಿ. ಛೇನಾದಲ್ಲಿ, ಎಂದರೆ ಒಡೆದ ಹಾಲನ್ನು ಸೋಸಿದಾಗ ಬಟ್ಟೆಯಲ್ಲಿ ಉಳಿಯುವ ಬಿಳಿ ಗಟ್ಟಿಯಲ್ಲಿ, ಎಷ್ಟು ನೀರು ಉಳಿದಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ರಸಗುಲ್ಲ ಯಾರದು ಎಂಬ ಬಂಗಾಳ, ಒಡಿಶಾಗಳ ಜಗಳಕ್ಕೆ ಇಲ್ಲಿ ಜಾಗವಿಲ್ಲ. 2017ರಲ್ಲಿ ಬಂಗಾಳದ್ದಕ್ಕೂ 2019ರಲ್ಲಿ ಒಡಿಶಾದ್ದಕ್ಕೂ ಬೇರೆ ಬೇರೆಯಾಗಿ ಭೌಗೋಳಿಕ ಗುರುತು ಸಿಕ್ಕಿದೆ, ಅಷ್ಟು ಸಾಕು. ಕೋಲ್ಕತ್ತದ್ದು ಬಿಳಿ, ಸ್ಪಂಜಿನಂಥದ್ದು. ಭುವನೇಶ್ವರ ಮತ್ತು ಕಟಕ್ ನಡುವಿನ ಪಹಾಲದ್ದು ತಿಳಿಗಂದು, ಬಾಯಲ್ಲಿ ಕರಗುವಷ್ಟು ಮೆತ್ತಗೆ. ಇಲ್ಲಿ ಹೇಳುತ್ತಿರುವುದು ಬಿಳಿಯದನ್ನು.

ಮೊದಲು ಜಾಮೂನಿನ ಕೈಯನ್ನು ಮರೆಯಿರಿ

ನಮ್ಮ ಕಡೆ ಹಾಲಿನ ಸಿಹಿ ಎಂದರೆ ಖೋವಾ. ಧಾರವಾಡ ಪೇಡೆಯಿರಲಿ, ಬೆಳಗಾವಿ ಕುಂದವಿರಲಿ, ಹಾಲಿನ ನೀರನ್ನು ಬೆಂಕಿಯ ಮೇಲೆ ಇಂಗಿಸುವುದೇ ಕೆಲಸ. ಹಾಲು ಒಡೆದರೆ ನಮ್ಮ ಮನೆಗಳಲ್ಲಿ ಅದು ಅನಾಹುತ. ರಸಗುಲ್ಲದಲ್ಲಿ ಹಾಲನ್ನು ನಾವೇ ಒಡೆಸಬೇಕು, ಅದೂ ಹದವಾಗಿ. ಈ ಹದ ನಮ್ಮ ಕೈಗೆ ಹೊಸದು.

ಇನ್ನೊಂದು ತೊಂದರೆ ಪಾಕದ್ದು. ಜಾಮೂನು ಕರಿದು ಬೆಂದ ಮೇಲೆ ಪಾಕಕ್ಕೆ ಬೀಳುತ್ತದೆ. ಅಲ್ಲಿ ಪಾಕ ಬೆರಳಿಗೆ ಅಂಟುವಷ್ಟಿದ್ದರೆ ಚೆಂದ. ರಸಗುಲ್ಲ ಹಸಿಯಾಗಿ ಪಾಕಕ್ಕೆ ಬಿದ್ದು ಅದರಲ್ಲೇ ಬೇಯುತ್ತದೆ. ಅದಕ್ಕೆ ಬೇಕಾದದ್ದು ಸಿಹಿ ನೀರು. ಒಂದೆಳೆ ಪಾಕದಲ್ಲಿ ಹಾಕಿದರೆ ಉಂಡೆಯ ಒಳಗಿನ ನೀರನ್ನೇ ಪಾಕ ಹೀರಿಕೊಂಡು ಉಂಡೆ ಕುಗ್ಗುತ್ತದೆ. ನನ್ನ ಮೊದಲ ರಸಗುಲ್ಲಗಳು ಹೀಗೇ ಗೋಲಿಗಳಾದವು. ಪಾಕ ಎಳೆ ಬಂತೆಂದು ಹೆಮ್ಮೆಯಿಂದಲೇ ಉಂಡೆ ಬಿಟ್ಟಿದ್ದೆ.

ಏನೇನು ಬೇಕು

ಹಸುವಿನ ಹಾಲು 1 ಲೀಟರ್. ನಿಂಬೆರಸ 2 ದೊಡ್ಡ ಚಮಚ, ಅಷ್ಟೇ ನೀರು ಬೆರೆಸಿದ್ದು. ಇನ್ನೊಂದು ಚಮಚ ಕೈಗೆ ಸಿಗುವಂತಿರಲಿ. ಸಕ್ಕರೆ 300 ಗ್ರಾಂ, ಪಾಕಕ್ಕೆ ನೀರು 1 ಲೀಟರ್, ಜೊತೆಗೆ ಪಕ್ಕದ ಒಲೆಯಲ್ಲಿ ಒಂದು ಲೋಟ ಬಿಸಿನೀರು. ಏಲಕ್ಕಿ ನಾಲ್ಕು. ಒಂದು ಚಮಚ ಮೈದಾ, ಆಪತ್ಕಾಲಕ್ಕೆ ಮಾತ್ರ. ಇಷ್ಟಕ್ಕೆ 12 ಉಂಡೆಗಳಾಗುತ್ತವೆ. ಮೊದಲ ಸಲವೇ ಮೂರು ಲೀಟರ್ ಹಾಲಿಗೆ ಕೈ ಹಾಕಬೇಡಿ.

ಪಾತ್ರೆಗಳಲ್ಲಿ ಎರಡು ವಿಷಯಕ್ಕೆ ರಾಜಿ ಬೇಡ. ಪಾಕದ ಪಾತ್ರೆ ಅಗಲವಾಗಿರಬೇಕು, ಸರಿಯಾಗಿ ಕೂರುವ ಮುಚ್ಚಳ ಇರಬೇಕು; ಐದು ಲೀಟರ್ ಹಿಡಿಯುವ ಚಪ್ಪಟೆ ತಳದ್ದು ಒಳ್ಳೆಯದು. ಉಂಡೆಗಳು ಬೆಂದಾಗ ಗಾತ್ರದಲ್ಲಿ ಇಮ್ಮಡಿಯಾಗುತ್ತವೆ, ನೊರೆ ಬೇರೆ ಏರುತ್ತದೆ. ಎರಡನೆಯದು ಬಟ್ಟೆ. ಹಳೆಯ ತೆಳು ಪಂಚೆಯ ತುಂಡು ಎಲ್ಲಕ್ಕಿಂತ ಚೆನ್ನ. ಟೀ ಸೋಸುವ ಜಾಲರಿಯಲ್ಲಿ ಛೇನಾದ ಅರ್ಧ ಹರಿದುಹೋಗುತ್ತದೆ, ದಪ್ಪ ಟವೆಲ್ಲಿನಲ್ಲಿ ಅರ್ಧ ಅಂಟಿಕೊಳ್ಳುತ್ತದೆ. ಬಟ್ಟೆಗೆ ಸೋಪಿನ ವಾಸನೆ ಇದ್ದರೆ ರಸಗುಲ್ಲಕ್ಕೂ ಅದು ಬರುತ್ತದೆ; ಬಿಸಿನೀರಿನಲ್ಲಿ ಒಮ್ಮೆ ಜಾಲಾಡಿಸಿ ಹಿಂಡಿಡಿ.

ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಹೊರಗೆ ತೆಗೆಯಿರಿ. ಯಾಕೆಂದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಹಾಲನ್ನು ಆರಿಸುವುದು

ಪ್ಯಾಕೆಟ್ಟಿನ ಮೇಲೆ ಕೊಬ್ಬಿನ ಅಂಶ ಓದಿ. ಟೋನ್ಡ್ ಹಾಲಿನಲ್ಲಿ ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6 ಕೊಬ್ಬು ಇರುತ್ತದೆ. ಹಸುವಿನ ಹಾಲು ಎಂದೇ ಬರೆದ ಪ್ಯಾಕೆಟ್ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ. ರಸಗುಲ್ಲಕ್ಕೆ ಶೇ 3ರಿಂದ 4ರವರೆಗಿನ ಹಾಲು ಹೇಳಿಮಾಡಿಸಿದ್ದು. ಶೇ 4.5ರದ್ದೇ ಮನೆಯಲ್ಲಿದ್ದರೆ ಒಮ್ಮೆ ಕಾಯಿಸಿ, ಪೂರ್ತಿ ಆರಿಸಿ, ಕೆನೆ ತೆಗೆದುಹಾಕಿ, ಮತ್ತೆ ಕಾಯಿಸಿ ಬಳಸಿ.

ಎಮ್ಮೆ ಹಾಲು ಬೇಡ. ಅದರ ಛೇನಾ ಒರಟು, ಗಟ್ಟಿ, ನಾದಿದಾಗ ಜಿಡ್ಡು ಬಿಡುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಎಮ್ಮೆ ಹಾಲೇ ಹೆಚ್ಚು. ಅದರಲ್ಲಿ ಮೊಸರು ಚಾಕುವಿನಲ್ಲಿ ಕೊಯ್ಯುವಂತೆ ಹೆಪ್ಪುಗಟ್ಟುತ್ತದೆ ನಿಜ, ಆದರೆ ಅದೇ ಗಟ್ಟಿತನ ಇಲ್ಲಿ ಮುಳುವು.

ತಿಂಗಳುಗಟ್ಟಲೆ ಕೆಡದೆ ಇರುವ ರಟ್ಟಿನ ಡಬ್ಬಿಯ ಹಾಲೂ ಬೇಡ. ಅದನ್ನು ತುಂಬುವ ಮೊದಲೇ ಬಹಳ ಹೆಚ್ಚಿನ ಶಾಖ ಕೊಟ್ಟಿರುತ್ತಾರೆ. ಅದರಿಂದ ಹಾಲಿನ ಪ್ರೋಟೀನು ಬದಲಾಗಿ, ಒಡೆಸಿದಾಗ ಒಂದಕ್ಕೊಂದು ಹಿಡಿದುಕೊಳ್ಳದ ಪುಡಿಪುಡಿ ಛೇನಾ ಬರುತ್ತದೆ.

ಹಾಗೆಯೇ, ಫ್ರಿಜ್ಜಿನಲ್ಲಿಡಲು ಮರೆತು ತಾನಾಗಿ ಒಡೆದ ಹಾಲನ್ನು "ದಂಡ ಮಾಡುವುದೇಕೆ" ಎಂದು ರಸಗುಲ್ಲಕ್ಕೆ ಬಳಸಬೇಡಿ. ಅದು ಕೆಟ್ಟ ಹಾಲು. ಆ ವಾಸನೆಯನ್ನು ಎಷ್ಟು ಏಲಕ್ಕಿಯೂ ಮುಚ್ಚಲಾರದು.

ಹಂತ 2: ಹಾಲು ಒಡೆಸುವುದು

ದಪ್ಪ ತಳದ ಪಾತ್ರೆಯಲ್ಲಿ ಹಾಲನ್ನು ಆಗಾಗ ಕೈಯಾಡಿಸುತ್ತ ಒಂದು ಉಕ್ಕು ಬರಿಸಿ. ಉಕ್ಕಿದ ಕೂಡಲೇ ಒಲೆ ಆರಿಸಿ. ಕುದಿಯುತ್ತಿರುವ ಹಾಲಿಗೇ ನಿಂಬೆರಸ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಅಷ್ಟು ಬಿಸಿಯಲ್ಲಿ ಒಡೆದರೆ ಕಾಳು ದಪ್ಪಗೆ, ರಬ್ಬರಿನಂತೆ ಬಿಗಿಯುತ್ತದೆ. ಅದು ಪನೀರಿಗೆ ಅಡ್ಡಿಯಿಲ್ಲ, ರಸಗುಲ್ಲಕ್ಕೆ ಆಗದು.

ಅರ್ಧ ಲೋಟ, ಎಂದರೆ 100 ಮಿಲಿಲೀಟರ್ ತಣ್ಣೀರನ್ನು ಹಾಲಿಗೆ ಸುರಿದು ನಾಲ್ಕೈದು ನಿಮಿಷ ಬಿಡಿ. ಆಗ ಹಾಲು ಸುಮಾರು 80 ಡಿಗ್ರಿಗೆ ಇಳಿದಿರುತ್ತದೆ. ಹಬೆ ಏಳುತ್ತಿರಬೇಕು, ಗುಳ್ಳೆ ಕಾಣಬಾರದು.

ಈಗ ನೀರು ಬೆರೆಸಿದ ನಿಂಬೆರಸವನ್ನು ಒಂದೊಂದೇ ಚಮಚ ಹಾಕಿ. ಒಂದು ಚಮಚ, ನಿಧಾನವಾಗಿ ಎರಡು ಸುತ್ತು, ಹದಿನೈದು ಇಪ್ಪತ್ತು ಸೆಕೆಂಡು ಸುಮ್ಮನಿರಿ, ಮತ್ತೊಂದು ಚಮಚ. ಮಜ್ಜಿಗೆ ಕಡೆಯುವಂತೆ ಕಡೆಯಬೇಡಿ, ಕಾಳು ಪುಡಿಯಾಗಿ ಬಟ್ಟೆಯಿಂದ ಸೋರಿಹೋಗುತ್ತದೆ. ಹಾಲು ಮೊದಲು ರವೆಯಂತೆ ತರಿಯಾಗುತ್ತದೆ, ಆಮೇಲೆ ಮೋಡ ಬಿರಿದಂತೆ ಬಿಳಿ ಬೇರೆ, ನೀರು ಬೇರೆ. ನೀರು ಹಸಿರು ಛಾಯೆಯ ತಿಳಿಯಾದ ಕ್ಷಣ ನಿಲ್ಲಿಸಿ. ಬಟ್ಟಲಿನಲ್ಲಿ ಇನ್ನೂ ನಿಂಬೆರಸ ಉಳಿದಿದ್ದರೆ ಉಳಿಯಲಿ. ಲೆಕ್ಕ ಪೂರ್ತಿ ಮಾಡಲು ಹಾಕಿದ ಆ ಕೊನೆಯ ಚಮಚವೇ ಛೇನಾವನ್ನು ಹುಳಿಯೂ ಗಟ್ಟಿಯೂ ಮಾಡುತ್ತದೆ.

ನೀರು ಇನ್ನೂ ಬೆಳ್ಳಗೆ, ಮಜ್ಜಿಗೆಯಂತೆ ಇದ್ದರೆ ಒಡೆಯುವುದು ಮುಗಿದಿಲ್ಲ. ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಬಿಸಿ ಮಾಡಿ, ಇನ್ನರ್ಧ ಚಮಚ ಹಾಕಿ ನೋಡಿ.

ನಿಂಬೆಹಣ್ಣಿನ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ಪ್ರತಿಸಲ ಒಂದೇ ಬಗೆಯ ಫಲ ಬೇಕೆನ್ನುವವರು ಅರ್ಧ ಟೀ ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಬಳಸಬಹುದು. ಬಂಗಾಳದ ಮಿಠಾಯಿಗಾರರು ಹಿಂದಿನ ದಿನದ ಹುಳಿಬಂದ ಹಾಲೊಡಕು ನೀರನ್ನೇ ಬಳಸುತ್ತಾರೆ. ಅದು ಸೌಮ್ಯವಾದ ಹುಳಿ, ಛೇನಾ ತುಂಬ ಮೃದುವಾಗಿ ಬರುತ್ತದೆ. ಎರಡನೆಯ ಸಲ ಮಾಡುವಾಗ ಪ್ರಯತ್ನಿಸಿ. ಮೊಸರಿನಿಂದ ಒಡೆಸಬಹುದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಬಹಳ ಬೇಕಾಗುತ್ತದೆ, ಮೊಸರಿನ ಗಟ್ಟಿ ಭಾಗವೂ ಛೇನಾಕ್ಕೆ ಸೇರುತ್ತದೆ. ನನಗೆ ಹಿಡಿಸಿಲ್ಲ.

ಒಡೆದು ಒಂದು ನಿಮಿಷದೊಳಗೆ ಎರಡು ಲೋಟ ತಣ್ಣೀರು ಅಥವಾ ಒಂದು ಹಿಡಿ ಐಸ್ ತುಂಡು ಪಾತ್ರೆಗೆ ಹಾಕಿ. ಬಿಸಿನೀರಿನಲ್ಲಿ ಕುಳಿತಷ್ಟು ಹೊತ್ತೂ ಛೇನಾ ಬೇಯುತ್ತಲೇ, ಬಿಗಿಯುತ್ತಲೇ ಇರುತ್ತದೆ.

ಹಂತ 3: ಸೋಸಿ, ತೊಳೆದು, ತೂಗುಹಾಕುವುದು

ನನ್ನ ತಂಗಿ ಸೋತದ್ದು ಇಲ್ಲಿ. ಬಹುಶಃ ನೀವೂ.

ಜರಡಿಯ ಮೇಲೆ ಬಟ್ಟೆ ಹಾಸಿ ಒಡೆದ ಹಾಲನ್ನು ನಿಧಾನವಾಗಿ ಸುರಿಯಿರಿ. ಕೆಳಗಿನ ನೀರನ್ನು ಪಾತ್ರೆಯಲ್ಲಿ ಹಿಡಿದಿಡಿ. ಛೇನಾದ ಮೇಲೆ ಎರಡು ಲೋಟ ತಣ್ಣೀರು ಹಾಕಿ, ಬೆರಳಿನಿಂದ ಮೆಲ್ಲಗೆ ಕೆದಕುತ್ತ ತೊಳೆಯಿರಿ. ಚಿಟಿಕೆಯಷ್ಟು ಬಾಯಿಗೆ ಹಾಕಿ ನೋಡಿ. ನಿಂಬೆ ಹುಳಿ ನಾಲಿಗೆಗೆ ಸಿಕ್ಕರೆ ಇನ್ನೊಂದು ಲೋಟ.

ಬಟ್ಟೆಯ ನಾಲ್ಕು ಮೂಲೆ ಕೂಡಿಸಿ, ಗಂಟನ್ನು ಒಮ್ಮೆ ಹಿತವಾಗಿ ಹಿಂಡಿ ನಲ್ಲಿಗೆ ತೂಗುಹಾಕಿ. ಹಿತವಾಗಿ ಎಂದದ್ದು ಗಮನದಲ್ಲಿರಲಿ. ಒದ್ದೆ ಸೀರೆ ಹಿಂಡುವ ಹಾಗೆ ತಿರುಚಿದರೆ ನೀರಿನ ಜೊತೆ ಕೊಬ್ಬೂ ಹೋಗುತ್ತದೆ. ಮೇಲೆ ಕಲ್ಲು, ಕುಟ್ಟಾಣಿ ಹೇರಬೇಡಿ, ಅದು ಪನೀರಿನ ವಿಧಾನ. ಆಹಾರ ಸುರಕ್ಷತೆಯ ನಿಯಮದಲ್ಲೂ ಪನೀರಿಗೆ ಗರಿಷ್ಠ ಶೇ 60 ತೇವಾಂಶವಾದರೆ ಛೇನಾಕ್ಕೆ ಶೇ 65. ಛೇನಾ ಒದ್ದೆಯಾಗಿರುವುದೇ ಸರಿ. ಎಷ್ಟು ಒದ್ದೆ ಎಂಬುದೇ ತಕರಾರು.

ಹೊತ್ತು ಹೇಳಿ ಎಂದರೆ 30ರಿಂದ 45 ನಿಮಿಷ. ಆದರೆ ಗಡಿಯಾರವನ್ನು ನಂಬಬೇಡಿ. ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಏಪ್ರಿಲ್ಲಿಗೂ ಒಂದೇ ಲೆಕ್ಕ ನಡೆಯದು, ಬಟ್ಟೆಯೂ ಮನೆಯಿಂದ ಮನೆಗೆ ಬೇರೆ. 25 ನಿಮಿಷ ಆಗುತ್ತಿದ್ದಂತೆ ಈ ಮೂರು ಪರೀಕ್ಷೆ ಶುರು ಮಾಡಿ.

ಮೊದಲನೆಯದು ಹನಿ. ಗಂಟಿನಿಂದ ಹನಿ ಬೀಳುವುದು ಪೂರ್ತಿ ನಿಂತಿರಬೇಕು, ಗಂಟಿನ ತಳ ಮುಟ್ಟಿದರೆ ಕೈ ತೇವವಾಗಬೇಕು.

ಎರಡನೆಯದು ಬೆರಳು. ಗಂಟಿನ ನಡುವಿನಿಂದ ಚಿಟಿಕೆ ಛೇನಾ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ. ನೀರು ಜಿನುಗಿ ಬೆರಳ ಸಂದಿಗೆ ಇಳಿದರೆ ಇನ್ನೂ ಹತ್ತು ನಿಮಿಷ ಬೇಕು. ಒಣ ಅವಲಕ್ಕಿ ಪುಡಿಯಂತೆ ಉದುರಿದರೆ ಹೊತ್ತು ಮೀರಿದೆ. ಒದ್ದೆ ವಿಭೂತಿ ಬಳಿದಂತೆ ಬೆರಳ ಮೇಲೆ ತೆಳುವಾಗಿ ಹರಡಿಕೊಂಡರೆ ಹದ ಬಂದಿದೆ.

ಮೂರನೆಯದು ತೂಕ, ಇದು ಸುಳ್ಳು ಹೇಳುವುದಿಲ್ಲ. ಶೇ 3ರಿಂದ 3.5 ಕೊಬ್ಬಿನ ಒಂದು ಲೀಟರ್ ಹಾಲಿನ ಛೇನಾ ಹದವಾಗಿ ಬಸಿದಾಗ ನನ್ನ ತಕ್ಕಡಿಯಲ್ಲಿ 155ರಿಂದ 180 ಗ್ರಾಂ ತೂಗುತ್ತದೆ. 200 ದಾಟಿದ್ದರೆ ಉಂಡೆ ಪಾಕದಲ್ಲಿ ಕರಗುವುದು ಬಹುತೇಕ ಖಚಿತ. 140ಕ್ಕಿಂತ ಇಳಿದಿದ್ದರೆ ಗೋಲಿ.

ಒದ್ದೆ ಹೆಚ್ಚಿದ್ದರೆ ಒಣ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಮೇಲೊಂದು ಬಟ್ಟೆ ಮುಚ್ಚಿ ಅಂಗೈಯಿಂದ ಒತ್ತಿ ಹತ್ತು ನಿಮಿಷ ಬಿಡಿ. ಒಣಗಿದ್ದರೆ ಹಿಡಿದಿಟ್ಟ ಹಾಲೊಡಕು ನೀರನ್ನು ನಾದುವಾಗ ಒಂದೊಂದೇ ಟೀ ಚಮಚ ಚಿಮುಕಿಸಿ. ಒಣಗಿದ್ದನ್ನು ಸರಿಪಡಿಸುವುದು ಒದ್ದೆಯಾದದ್ದನ್ನು ಸರಿಪಡಿಸುವುದಕ್ಕಿಂತ ಕಷ್ಟ. ಹೊರಗೆ ಹೋಗುವ ಕೆಲಸವಿದ್ದರೆ ಛೇನಾ ಕಟ್ಟಿಟ್ಟು ಹೋಗಬೇಡಿ.

ಹಂತ 4: ನಾದುವುದು

ಛೇನಾವನ್ನು ಅಗಲ ತಟ್ಟೆಗೆ ಸುರಿದು ಮೊದಲು ಬೆರಳಿನಿಂದ ಗಂಟು ಒಡೆಯಿರಿ. ಆಮೇಲೆ ಕೆಲಸ ಅಂಗೈಯ ಬುಡದ್ದು, ಮಣಿಕಟ್ಟಿನ ಹತ್ತಿರದ ಆ ದಪ್ಪ ಭಾಗದ್ದು. ಸ್ವಲ್ಪ ಸ್ವಲ್ಪವೇ ಛೇನಾವನ್ನು ತಟ್ಟೆಗೆ ಒತ್ತಿ ಮುಂದಕ್ಕೆ ಸವರಿ. ಎಲ್ಲವನ್ನೂ ಸವರಿ ಮುಗಿದ ಮೇಲೆ ಬಾಚಿ ಕೂಡಿಸಿ, ಮತ್ತೆ ಸವರಿ. ಚಪಾತಿ ಹಿಟ್ಟಿನಂತೆ ಮಡಚಿ ಗುದ್ದುವುದಲ್ಲ. ಗಂಧ ತೇಯುವ ಕೈಚಲನೆ ಇದಕ್ಕೆ ಹತ್ತಿರ.

ಮೊದಲ ಎರಡು ನಿಮಿಷ ತರಿತರಿಯಾಗಿ ತಟ್ಟೆಗೆಲ್ಲ ಮೆತ್ತಿಕೊಂಡು ಇದು ಆಗದ ಕೆಲಸ ಅನ್ನಿಸುತ್ತದೆ. ನಾಲ್ಕನೆಯ ನಿಮಿಷಕ್ಕೆ ತರಿ ಸಣ್ಣದಾಗುತ್ತದೆ. ಆರರಿಂದ ಎಂಟನೆಯ ನಿಮಿಷದ ನಡುವೆ ಎಲ್ಲೋ ಒಂದು ಕಡೆ ಅದು ತಾನಾಗಿ ತಟ್ಟೆ ಬಿಟ್ಟು ಒಂದೇ ಮುದ್ದೆಯಾಗುತ್ತದೆ, ಬೆಣ್ಣೆಯಂತೆ ನುಣುಪು ಬರುತ್ತದೆ. ಅಂಗೈ ನೋಡಿಕೊಳ್ಳಿ: ಕೈಗೆ ಎಣ್ಣೆ ಹಚ್ಚಿ ಒರೆಸಿಕೊಂಡಂತೆ ಸಣ್ಣ ಹೊಳಪು ಇದ್ದರೆ ಅಲ್ಲೇ ನಿಲ್ಲಿಸಿ.

ಮೃದುವಾಗಲಿ ಎಂದು ಇನ್ನೂ ಐದು ನಿಮಿಷ ನಾದುವ ಉತ್ಸಾಹಿಗಳಿದ್ದಾರೆ. ಕೈ ಜಿಡ್ಡಾಗಿ, ತಟ್ಟೆಯ ಮೇಲೆ ಕೊಬ್ಬಿನ ಪಸೆ ಕಂಡಿತೆಂದರೆ ಛೇನಾದ ಕೊಬ್ಬು ಹೊರಬಂದಿದೆ. ಅಂಥ ಉಂಡೆ ಪಾಕದಲ್ಲಿ ಬಿರಿಯುತ್ತದೆ. ಹಾಗಾಗಿಬಿಟ್ಟರೆ ಮುಚ್ಚಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಒಂದು ಟೀ ಚಮಚ ಮೈದಾ ಬೆರೆಸಿ ಉಂಡೆ ಕಟ್ಟಿ. ಪೂರ್ತಿ ರಿಪೇರಿಯಾಗದಿದ್ದರೂ ತಿನ್ನುವಂತಿರುತ್ತದೆ.

ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿದರೆ ಸಾಕಲ್ಲವೇ? ಮಿಕ್ಸಿ ಬಿಸಿಯಾಗುತ್ತದೆ, ಕೊಬ್ಬು ಬಿಡಿಸುತ್ತದೆ. ಮುಖ್ಯವಾಗಿ, ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ನಿಮ್ಮ ಅಂಗೈ. ಆ ಅಂಗೈ ಇಲ್ಲಿ ಜಾರಿನ ಹೊರಗೆ ಉಳಿಯುತ್ತದೆ.

ಮೈದಾ, ರವೆ, ಕಾರ್ನ್‌ಫ್ಲೋರ್ ಇವೆಲ್ಲ ಊರುಗೋಲು. ಹದ ಸರಿಯಿದ್ದರೆ ಬೇಡ. ಮೊದಲ ಸಲ ಧೈರ್ಯ ಸಾಲದಿದ್ದರೆ ಒಂದು ಟೀ ಚಮಚ ಹಾಕಿಕೊಳ್ಳಿ, ಯಾರೂ ಕೇಳುವುದಿಲ್ಲ. ಎರಡು ಚಮಚ ದಾಟಿದರೆ ಮಾತ್ರ ತಿನ್ನುವವರಿಗೆ ಹಿಟ್ಟು ಗೊತ್ತಾಗುತ್ತದೆ.

ಹಂತ 5: ಉಂಡೆ ಕಟ್ಟುವುದು

ಮುದ್ದೆಯನ್ನು 12 ಪಾಲು ಮಾಡಿ, ಒಂದೊಂದೂ 13ರಿಂದ 15 ಗ್ರಾಂ. ನೋಡಲು ಪುಟ್ಟದೆನಿಸುತ್ತದೆ, ದೊಡ್ಡದು ಮಾಡುವ ಆಸೆಯಾಗುತ್ತದೆ. ಬೇಡ, ಒಳಗೆ ಬೇಯದೆ ಉಳಿಯುತ್ತದೆ. ಮೊದಲು ಎರಡೂ ಅಂಗೈ ನಡುವೆ ಗಟ್ಟಿಯಾಗಿ ಒತ್ತಿ, ನಂತರ ಒತ್ತಡ ಇಳಿಸುತ್ತ ಉರುಳಿಸಿ. ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಅದು ಪಾಕದಲ್ಲಿ ಬಾಯಿ ತೆರೆಯುತ್ತದೆ.

ಎಲ್ಲ ಉಂಡೆಯೂ ಬಿರುಕು ಬಿಡುತ್ತಿದ್ದರೆ ನಾದಿದ್ದು ಸಾಲದು, ಇಲ್ಲವೇ ಛೇನಾ ಒಣಗಿದೆ. ಒಂದು ಟೀ ಚಮಚ ಹಾಲೊಡಕು ನೀರು ಹಾಕಿ ಇನ್ನೆರಡು ನಿಮಿಷ ನಾದಿ. ಕೈಗೆ ಅಂಟುತ್ತಿದ್ದರೆ ತುಪ್ಪ ಸವರಿಕೊಳ್ಳಬೇಡಿ; ನೀರು ಹೆಚ್ಚಿದೆ ಎಂಬ ಸೂಚನೆಯನ್ನು ತುಪ್ಪ ಮುಚ್ಚಿಹಾಕುತ್ತದೆ, ಗುಣಪಡಿಸುವುದಿಲ್ಲ. ಕಟ್ಟಿದ ಉಂಡೆಗಳನ್ನು ಒದ್ದೆ ಬಟ್ಟೆಯಡಿ ಇಡಿ. ಫ್ಯಾನ್ ಆರಿಸಿ.

ಹಂತ 6: ಪಾಕ

ಉಂಡೆ ಕಟ್ಟುವ ಮೊದಲೇ ಪಾಕ ಒಲೆಗೇರಿರಬೇಕು. 300 ಗ್ರಾಂ ಸಕ್ಕರೆ, 1 ಲೀಟರ್ ನೀರು, ಜಜ್ಜಿದ ಏಲಕ್ಕಿ. ಸಕ್ಕರೆ ಕರಗಿ ಕುದಿ ಬಂದರೆ ಮುಗಿಯಿತು. ಎಳೆ ನೋಡುವ ಅಗತ್ಯವಿಲ್ಲ, ಬೆರಳಿಗೆ ಅಂಟಲೂ ಬಾರದು. ಸಕ್ಕರೆಯಲ್ಲಿ ಕಸರು ಇದ್ದರೆ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆ ನೊರೆಯನ್ನು ಸೌಟಿನಿಂದ ತೆಗೆಯಿರಿ. ಪಾಕ ಪಾತ್ರೆಯ ಅರ್ಧಕ್ಕಿಂತ ಮೇಲೆ ಬರಬಾರದು.

ಹಂತ 7: ಒಂದು ಉಂಡೆಯನ್ನು ಬಲಿ ಕೊಡಿ, ಆಮೇಲೆ ಉಳಿದವು

ಪಾಕ ಕೊತಕೊತ ಕುದಿಯುವಾಗ ಒಂದೇ ಒಂದು ಉಂಡೆ ಬಿಡಿ, ಮುಚ್ಚಿ, ಐದು ನಿಮಿಷ ಬಿಡಿ. ಈ ಒಂದು ಹೆಜ್ಜೆಯನ್ನು ಪಾಲಿಸಿದ್ದರೆ ನನ್ನ ತಂಗಿಯ ಹನ್ನೊಂದು ಉಂಡೆಗಳಾದರೂ ಉಳಿಯುತ್ತಿದ್ದವು. ಉಂಡೆ ಉಬ್ಬಿ ಗುಂಡಗೆ ಉಳಿದರೆ ಸರಿ. ಅಂಚು ಕರಗಿ ಪಾಕ ಬೆಳ್ಳಗಾಗಿದ್ದರೆ ಉಳಿದ ಮುದ್ದೆಗೆ ಒಂದು ಟೀ ಚಮಚ ಮೈದಾ ಸೇರಿಸಿ, ಚೆನ್ನಾಗಿ ನಾದಿ ಮತ್ತೆ ಉಂಡೆ ಕಟ್ಟಿ. ಉಬ್ಬದೆ ಹಾಗೇ ಕುಳಿತಿದ್ದರೆ ಛೇನಾ ಒಣಗಿದೆ ಅಥವಾ ಪಾಕ ದಪ್ಪಗಿದೆ.

ಪರೀಕ್ಷೆ ಮುಗಿದ ಮೇಲೆ ಉರಿ ಪೂರ್ತಿ ಏರಿಸಿ. ಪಾಕ ಮತ್ತೆ ಜೋರಾಗಿ ಕುದಿಯಲಿ. ಉಂಡೆಗಳನ್ನು ಅಂಚಿನಿಂದ ಒಂದೊಂದಾಗಿ, ತಡಮಾಡದೆ ಜಾರಿಸಿ ಮುಚ್ಚಿ. ಮೊದಲ ಐದು ನಿಮಿಷ ಮುಚ್ಚಳ ತೆಗೆಯಬೇಡಿ. ಒಳಗೆ ನೊರೆ ಏರಿ ಉಂಡೆಗಳನ್ನು ಮುಚ್ಚಿಕೊಂಡಿರುತ್ತದೆ, ಮೇಲ್ಭಾಗ ಬೇಯುವುದು ಆ ನೊರೆಯಿಂದ, ಹಬೆಯಿಂದ. ಕೆಲವು ಮಿಠಾಯಿಗಾರರು ನೊರೆಗಾಗಿ ಅಂಟುವಾಳದ ನೀರು ಹಾಕುವುದುಂಟು. ಮನೆಯಲ್ಲಿ ಅದರ ಉಸಾಬರಿ ಬೇಡ, ಜೋರು ಉರಿ ಸಾಕು. ಸಣ್ಣ ಉರಿಯಲ್ಲಿ ಬೇಯಿಸಿದರೆ ಉಂಡೆ ಒಡೆಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಉಬ್ಬಿಸುವುದು ಒಳಗಿನ ನೀರಿನ ಹಬೆ. ಕುದಿ ಮಂದವಾದರೆ ಹಬೆ ಹುಟ್ಟದೆ ಉಂಡೆ ಚಪ್ಪಟೆಯಾಗುತ್ತದೆ.

ಐದು ನಿಮಿಷದ ನಂತರ ಮುಚ್ಚಳ ತೆಗೆದು, ಪಕ್ಕದ ಒಲೆಯ ಬಿಸಿನೀರನ್ನು ಎರಡು ಮೂರು ದೊಡ್ಡ ಚಮಚ ಅಂಚಿನಿಂದ ಹಾಕಿ. ತಣ್ಣೀರಲ್ಲ, ಕುದಿ ನಿಲ್ಲಬಾರದು. ಸೌಟು ಆಡಿಸುವ ಬದಲು ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಕುಲುಕಿ, ಉಂಡೆಗಳು ತಾವಾಗಿ ಮಗ್ಗುಲು ಬದಲಿಸುತ್ತವೆ. ಮತ್ತೆ ಮುಚ್ಚಿ. ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ ಹೀಗೆ ಬಿಸಿನೀರು ಹಾಕಿ, ಇಲ್ಲದಿದ್ದರೆ ನೀರು ಆವಿಯಾಗಿ ಪಾಕ ಗೊತ್ತಿಲ್ಲದೆಯೇ ಜಾಮೂನಿನದ್ದಾಗುತ್ತದೆ.

ಒಟ್ಟು 15ರಿಂದ 18 ನಿಮಿಷ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯವರಿಗಿಂತ ಒಂದೆರಡು ನಿಮಿಷ ಹೆಚ್ಚು ಕೊಡಿ. ಮಡಿಕೇರಿಯವರು ಇನ್ನೂ ಒಂದು.

ಬೆಂದಿದೆಯೇ ಎಂದು ನೋಡಲು ಒಂದು ಉಂಡೆಯನ್ನು ತಣ್ಣೀರಿನ ಲೋಟಕ್ಕೆ ಬಿಡಿ. ತಳಕ್ಕಿಳಿದರೆ ಬೆಂದಿದೆ. ತೇಲುತ್ತಿದ್ದರೆ ಇನ್ನೂ ಮೂರು ನಿಮಿಷ. ಬೆರಳಿಂದ ಒತ್ತಿಬಿಟ್ಟರೆ ಅದು ಮತ್ತೆ ಮೇಲೇಳಬೇಕು.

ಪ್ರೆಶರ್ ಕುಕ್ಕರಿನಲ್ಲಿ ಒಂದು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಎಂಬ ದಾರಿಯೂ ಇದೆ. ಕೆಲಸ ಆಗುತ್ತದೆ, ಆದರೆ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಮಾಡುವುದಾದರೆ ಕುಕ್ಕರಿನ ಅರ್ಧಕ್ಕಿಂತ ಕಡಿಮೆ ತುಂಬಿ, ನೊರೆ ಏರಿ ಆವಿ ಹೋಗುವ ರಂಧ್ರ ಕಟ್ಟಿಕೊಂಡರೆ ಅಪಾಯ. ಒತ್ತಡವನ್ನು ಬಲವಂತವಾಗಿ ಬಿಡಬೇಡಿ, ಉಂಡೆ ಸಿಡಿಯುತ್ತದೆ.

ಹಂತ 8: ತಣಿಸುವುದು

ಒಲೆ ಆರಿಸಿದ ಮೇಲೆ ಅವಸರ ಪಟ್ಟವರ ರಸಗುಲ್ಲ ಮುದುಡುತ್ತದೆ. ಒಳಗಿನ ಹಬೆ ತಣಿದು ನೀರಾಗುವಾಗ ಆ ಜಾಗಕ್ಕೆ ಪಾಕ ಇಳಿಯಬೇಕು, ಅದಕ್ಕೆ ಹೊತ್ತು ಬೇಕು. ಮುಚ್ಚಳ ಹಾಕಿದಂತೆಯೇ ಅರ್ಧ ಗಂಟೆ ಪಾತ್ರೆಯಲ್ಲೇ ಬಿಡಿ. ಸ್ವಲ್ಪ ಕುಗ್ಗುವುದು ಸಹಜ, ಗಾಬರಿ ಬೇಡ. ನಂತರ ಅಗಲ ಬೋಗುಣಿಗೆ ಪಾಕದ ಸಮೇತ ವರ್ಗಾಯಿಸಿ, ಪೂರ್ತಿ ಆರಿದ ಮೇಲೆ ಫ್ರಿಜ್ಜಿಗೆ. ನಾಲ್ಕರಿಂದ ಆರು ಗಂಟೆ ನೆನೆದ ಮೇಲೆ ಬಡಿಸಿ. ಬಿಸಿಯಾಗಿರುವಾಗ ತಿಂದು "ಸಿಹಿಯೇ ಇಲ್ಲ" ಎಂದು ಸಕ್ಕರೆ ಸೇರಿಸಬೇಡಿ, ಸಿಹಿ ಇನ್ನೂ ಒಳಗೆ ಹೋಗುತ್ತಿದೆ.

ಕೆಟ್ಟರೆ ಎಲ್ಲಿ ಹುಡುಕಬೇಕು

ಚೂರುಚೂರಾಗಿ ಪಾಕ ಹಾಲಿನಂತಾದರೆ ಮೂರನೆಯ ಹಂತ: ಛೇನಾದಲ್ಲಿ ನೀರು ಹೆಚ್ಚಿತ್ತು. ತೂಕ ನೋಡಿ ಅದು ಸರಿಯಿತ್ತೆಂದಾದರೆ ಹಾಲೇ ಸರಿಯಿಲ್ಲ.

ಉಂಡೆ ಚೂರಾಗದೆ, ಪಾಕದ ಮೇಲೆ ತುಪ್ಪದ ಕಣ್ಣುಗಳಂತೆ ಜಿಡ್ಡು ತೇಲುತ್ತಿದ್ದರೆ ನಾದಿದ್ದು ಅತಿಯಾಯಿತು ಅಥವಾ ಹಾಲಿನಲ್ಲಿ ಕೊಬ್ಬು ಹೆಚ್ಚಿತ್ತು.

ಹಲ್ಲಿಗೆ ಸಿಕ್ಕಿದಾಗ ಕಿಚ್ ಕಿಚ್ ಎಂದು ರಬ್ಬರಿನಂತಿದ್ದರೆ ಕುದಿಯುವ ಹಾಲಿಗೆ ಹುಳಿ ಹಾಕಿದ್ದೀರಿ, ಅಥವಾ ಹುಳಿ ಹೆಚ್ಚಾಗಿದೆ, ಅಥವಾ ಒಡೆದ ಮೇಲೆ ತಣ್ಣೀರು ಹಾಕಲು ಮರೆತಿದ್ದೀರಿ. ಇಪ್ಪತ್ತೈದು ನಿಮಿಷ ಬೇಯಿಸಿದರೂ ಹೀಗೇ ಆಗುತ್ತದೆ.

ಕೊಯ್ದಾಗ ನಡುವೆ ಬಿಳಿ ಗಂಟು ಕಂಡರೆ ಉಂಡೆ ದೊಡ್ಡದಾಯಿತು, ಇಲ್ಲವೇ ನಾದುವಾಗ ಗಂಟು ಉಳಿದಿತ್ತು. ಒಂದೇ ಪಾತ್ರೆಯಲ್ಲಿ ಕೆಲವು ಉಬ್ಬಿ ಕೆಲವು ಕುಳಿತಿದ್ದರೆ ಜಾಗ ಸಾಲಲಿಲ್ಲ. ಎರಡು ಸರದಿಯಲ್ಲಿ ಬೇಯಿಸಿ.

ಬಣ್ಣ ಹಳದಿಗೆ ತಿರುಗಿದ್ದರೆ ಚಿಂತೆ ಬೇಡ. ಹಸುವಿನ ಹಾಲಿಗೆ ಆ ಛಾಯೆ ಹುಟ್ಟಿನಿಂದಲೇ ಇದೆ.

ಇಡುವುದು, ಉಳಿದದ್ದು

ಪಾಕದಲ್ಲಿ ಮುಳುಗಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ. ಪ್ರತಿಸಲ ಒಣಗಿದ ಚಮಚವನ್ನೇ ಬಳಸಿ. ಪಾಕದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ, ಹುಳಿ ವಾಸನೆ ಬಂದರೆ, ಉಂಡೆ ಲೋಳೆಯಾಗಿದ್ದರೆ ರುಚಿ ನೋಡುವ ಸಾಹಸವನ್ನೂ ಮಾಡದೆ ಎಸೆಯಿರಿ. ಫ್ರೀಜರಿನಲ್ಲಿಟ್ಟರೆ ಕರಗಿಸಿದಾಗ ನೀರು ಬಿಟ್ಟು ನಾರುನಾರಾಗುತ್ತದೆ.

ಸೋಸಿದ ಹಾಲೊಡಕು ನೀರು, ಸೇರಿಸಿದ ತಣ್ಣೀರೂ ಕೂಡಿ, ಒಂದು ಲೀಟರಿಗೂ ಮಿಕ್ಕಿ ಇರುತ್ತದೆ. ಒಂದು ಲೋಟ ತೆಗೆದು ಮುಂದಿನ ಸಲ ಹಾಲು ಒಡೆಸಲು ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಬಳಸಿ. ಉಳಿದದ್ದರಲ್ಲಿ ಚಪಾತಿ ಹಿಟ್ಟು ಕಲಸಿ, ಬೇಳೆ ಸಾರಿಗೂ ಹಾಕಬಹುದು. ರಸಗುಲ್ಲ ಖಾಲಿಯಾದ ಮೇಲೆ ಉಳಿಯುವ ಏಲಕ್ಕಿ ಪಾಕ ಮಾರನೆಯ ಬೆಳಗಿನ ಸಜ್ಜಿಗೆಗೆ ಆಗುತ್ತದೆ. ಅದರಲ್ಲಿ ಆಗಲೇ ಸಿಹಿಯಿದೆ, ಸಕ್ಕರೆ ಹಾಕುವ ಮೊದಲು ರುಚಿ ನೋಡಿಕೊಳ್ಳಿ.